ಬಿರುಕಿಗೊಂದು ದೇವರು

ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ, ಗೋಕಾಕದ ಹಳೇ ಪೇಟೆಯಲ್ಲಿ, ಗೊಮ್ಮಟೇಶನ ಚಹಾದ ಕಪ್ಪಿನೊಳಗೆ ಅವನ ಸ್ವಂತ ಮನೆಯ ಮಾಳಿಗೆ ಬಿತ್ತು. ಪೂರ್ತಿ ಬೀಳಲಿಲ್ಲ, ಅಷ್ಟು ಪುಣ್ಯ ಎಲ್ಲಿಂದ ಬರಬೇಕು! ಒಂದು ಹಿಡಿ ಮಣ್ಣು, ಒಂದು ಚೂರು ಕಟ್ಟಿಗೆ, ಎರಡು ಗೆದ್ದಲು. ಗೊಮ್ಮಟೇಶ ಜೈನರವನು, ಇರುವೆಗೂ ದಾರಿ ಬಿಡುವ ಮನುಷ್ಯ. ಗೆದ್ದಲುಗಳನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ಕಿಟಕಿಯ ಚೌಕಟ್ಟಿನ ಮೇಲೆ ಬಿಟ್ಟ. ಅವು ಸ್ವಲ್ಪ ಸುಧಾರಿಸಿಕೊಂಡು ಚೌಕಟ್ಟನ್ನು ತಿನ್ನಲು ಶುರುಮಾಡಿದವು.

"ನೋಡ್ರಿ, ಹೇಳಿಬಿಡ್ತೇನಿ," ಎಂದಳು ಹೆಂಡತಿ ಭಕ್ತಿ, ಸೊಂಟಕ್ಕೆ ಕೈಯಿಟ್ಟು. "ಹ್ವಾದ ಮಳಿಗಾಲದಾಗ ಹಾಸಗಿ ಮ್ಯಾಲ ಛತ್ರಿ ಬಿಚ್ಚಿ ಮಲಗೇನಿ. ಈ ಮಳಿಗಾಲದಾಗ ಮಲಗೂದಿಲ್ಲ. ಮಾಳಿಗಿ ರಿಪೇರಿ ಆದ್ರ ನಾ ಇಲ್ಲಿ. ಇಲ್ಲಂದ್ರ ಯಮಕನಮರಡಿಗೆ, ನಮ್ಮ ತವರಮನಿಗೆ. ಟ್ರಂಕ್ ಕಟ್ಟಿ ಇಟ್ಟೇನಿ."

"ಇವತ್ತ ಸಾಹೇಬ್ರು ಬರಾಕತ್ತಾರಲ್ಲ ಭಕ್ತಿ. ಇವತ್ತೊಂದ ದಿನಾ ತಡಿ."

ಸಾಹೇಬರು ಬರುವುದು ಖರೆಯೇ ಇತ್ತು. ಹಳೇ ಕಟ್ಟಡಗಳ ಮಾಲಕರಿಗೆ ನೆರವಾಗಲೆಂದು ಊರಿನಲ್ಲಿ ಹೊಸದಾಗಿ ಒಂದು ದುರಸ್ತಿ ಕಚೇರಿ ತೆರೆದಿದ್ದರು. ಅರ್ಜಿ ಹಾಕಿದರೆ ಎಂಜಿನಿಯರು ಬಂದು ಬಿರುಕು, ಬಾಗು, ಸೋರಿಕೆಗಳನ್ನೆಲ್ಲ ನೋಡಿ ಬರೆದುಕೊಳ್ಳುತ್ತಾನೆ. ಅವನು ಹ್ಞೂಂ ಅಂದರೆ ಗೌಂಡಿ, ಕಟ್ಟಿಗೆ, ಸುಣ್ಣ ಎಲ್ಲವೂ ಕಚೇರಿಯದೇ. ನಾಲ್ಕು ತಿಂಗಳು ಕಾದ ಮೇಲೆ ಗೊಮ್ಮಟೇಶನ ಪಾಳಿ ಇವತ್ತು ಬಂದಿತ್ತು. ಇವತ್ತು ತಪ್ಪಿದರೆ ಮುಂದಿನ ಪಾಳಿ ದಸರೆಯ ನಂತರ. ಅಂದರೆ ಮಳೆಗಾಲವೂ ಹೋಯಿತು, ಭಕ್ತಿಯೂ ಹೋದಳು.

ಕಟ್ಟಡ ಅವನ ಅಜ್ಜ ಕಟ್ಟಿಸಿದ್ದು. ಕೆಳಗೆ ಮೂರು ಅಂಗಡಿಗಳು, ಮೇಲೆ ಹಲಗೆಯ ನೆಲದ ಎರಡು ಖೋಲಿ, ಅದರ ಮೇಲೆ ಚಾವಣಿಯಾಗಿ ಮಣ್ಣಿನ ಮಾಳಿಗೆ. ಕೆಳಗೆ ಬಾಡಿಗೆಗೆ ಇದ್ದವರಲ್ಲಿ ಯಲ್ಲವ್ವ ಮಿರ್ಚಿ ಭಜಿ ಕರಿಯುತ್ತಿದ್ದಳು, ಉದ್ದಪ್ಪ ಬಟ್ಟೆ ಹೊಲಿಯುತ್ತಿದ್ದ, ಸಿದ್ರಾಯ ಫೋಟೋಗಳಿಗೆ ಕಟ್ಟು ಹಾಕುತ್ತಿದ್ದ. ಮೂವರೂ ಗೊಮ್ಮಟೇಶನ ತಂದೆಯ ಕಾಲದಿಂದ ಇದ್ದವರು. ಗೋಡೆಗಳು ಬಿರುಕು ಬಿಟ್ಟರೂ ಅವರು ಅಂಗಡಿ ಬಿಟ್ಟಿರಲಿಲ್ಲ.

ಗೊಮ್ಮಟೇಶ ಅಂದು ಮಾಡಿದ ತಪ್ಪು ಒಂದೇ. ಇಳಿದು ಬಂದವನು ಆ ಮೂವರ ಎದುರು ನಿಂತು, "ಇವತ್ತ ರಿಪೇರಿ ಸಾಹೇಬ್ರು ಬರ್ತಾರ. ಎಲ್ಲಾ ನೋಡ್ತಾರ," ಎಂದಷ್ಟೇ ಹೇಳಿ, ಕಟ್ಟಡದ ದಾಖಲೆಯಾದ ಉತಾರದ ಝೆರಾಕ್ಸ್ ತೆಗೆಸಲು ಹೋಗಿಬಿಟ್ಟ. ಅರ್ಧ ಮಾತು ಹೇಳಿ ಹೋಗುವವನ ಉಳಿದರ್ಧ ಮಾತನ್ನು ಪೇಟೆಯವರು ತಾವೇ ಆಡಿಕೊಳ್ಳುತ್ತಾರೆ ಎಂಬುದು ನಲವತ್ತೈದು ವರ್ಷ ಗೋಕಾಕದಲ್ಲಿ ಬಾಳಿದರೂ ಅವನಿಗೆ ತಿಳಿದಿರಲಿಲ್ಲ.

ಅವನು ಮೂಲೆ ತಿರುಗಿದ್ದೇ ತಡ, ಉದ್ದಪ್ಪ ಮಷೀನಿನಿಂದ ಕಾಲು ತೆಗೆದ.

"ಮೂಡಲಗ್ಯಾಗ ನಮ್ಮ ಅಳ್ಯಾನ ಅಂಗಡಿ ಮಾಲಕನೂ ಹಿಂಗ ಅಂದಿದ್ದ. ರಿಪೇರಿ ಐತಿ, ಜರಾ ಖಾಲಿ ಮಾಡ್ರಿ ಅಂದ. ಪಾಪ, ಖಾಲಿ ಮಾಡಿದ. ಈಗ ಅಲ್ಲಿ ಮೂರ ಅಂತಸ್ತಿನ ಲಾಡ್ಜ್ ನಿಂತೈತಿ. ಅಳ್ಯಾ ಬಸ್‌ಸ್ಟ್ಯಾಂಡಿನ್ಯಾಗ ಕುಂತು ಮಂದಿ ಅಂಗಿಗೆ ಗುಂಡಿ ಹಚ್ಚತಾನ."

"ನಮ್ಮ ಸಾವ್ಕಾರ್ರು ಹಂಗ ಮಾಡಾವ್ರಲ್ಲ ಬಿಡೋ ಅಣ್ಣಾ," ಎಂದಳು ಯಲ್ಲವ್ವ.

"ಸಾವ್ಕಾರ್ರು ಮಾಡಾವ್ರಲ್ಲ. ಆದ್ರ ರಿಪೇರಿ ಮಾಡಸ್ತೈತಿ! ಸಾಹೇಬ ಬಿರಕ ನೋಡಿದ ಅಂದ್ರ ಬರಕೊಂತಾನ. ಬರಕೊಂಡ ಅಂದ್ರ ಗೌಂಡಿ ಬರ್ತಾನ. ಗೌಂಡಿ ಬಂದ ಅಂದ್ರ ನಾವು ಹೊರಗ. ಬಿರಕ ಕಾಣಬಾರ್ದು, ಅಷ್ಟ."

ಯಲ್ಲವ್ವನ ಕೈಯಲ್ಲಿದ್ದ ಭಜಿ ತೆಗೆಯುವ ಜಾಲರಿ ಎಣ್ಣೆಯ ಮೇಲೇ ನಿಂತಿತು. ಇಪ್ಪತ್ತೆರಡು ವರ್ಷ ಆ ಬಾಗಿಲಲ್ಲಿ ಕೂತು ಭಜಿ ಕರಿದು ಇಬ್ಬರು ಹೆಣ್ಣುಮಕ್ಕಳ ಲಗ್ನ ಮಾಡಿದ್ದಳು. ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. "ಮುಚ್ಚೂದು ಹ್ಯಾಂಗ? ಒಂದೇನ ಎರಡೇನ ಬಿರಕು?" ಎಂದಳು.

"ಮುಚ್ಚೂದಾದ್ರ ನನ್ನ ಹಂತ್ಯಾಕ ಮಾಲ ಐತಿ," ಎಂದ ಸಿದ್ರಾಯ.

ಇತ್ತು. ಕಟ್ಟು ಹಾಕಲು ಕೊಟ್ಟು ಒಯ್ಯಲು ಮರೆತ ಗಿರಾಕಿಗಳ ದೇವರುಗಳು ಅವನ ಅಂಗಡಿಯ ಹಿಂದೆ ನಲವತ್ತಕ್ಕೂ ಮೇಲೆ ಬಿದ್ದಿದ್ದವು. ಗಂಟೆಯೊಳಗೆ ಮೂವರೂ ಸೇರಿ ಬಿರುಕಿನ ಅಳತೆಗೆ ದೇವರನ್ನು ಹೊಂದಿಸಿದರು. ಗೋಡೆ ಹೊಟ್ಟೆ ಬಿಟ್ಟ ಕಡೆ ಗಣಪತಿ. ಮೂಲೆಯಿಂದ ಮೂಲೆಗೆ ಓರೆಯಾಗಿ ಹಾದ ಬಿರುಕಿಗೆ ಗುಡ್ಡ ಹೊತ್ತು ಹಾರುವ ಹನುಮಪ್ಪ. ಜೋಡಿ ಬಿರುಕಿಗೆ ವಿಠ್ಠಲ ರುಕ್ಮಿಣಿ. ಎಲ್ಲಕ್ಕೂ ದೊಡ್ಡದಾದ, ಕೈ ತೂರಿಸಿದರೆ ಮೊಣಕೈತನಕ ಹೋಗುವ ಬಿರುಕಿಗೆ ಸವದತ್ತಿ ಎಲ್ಲಮ್ಮನ ಆಳೆತ್ತರದ ಫೋಟೋ. ನಡುವಿನ ಕಂಬ ಹಳೇ ಕುಡುಕನಂತೆ ಒಂದು ಮಗ್ಗುಲಿಗೆ ವಾಲಿತ್ತು. ಉದ್ದಪ್ಪ ಅದಕ್ಕೆ ಬುಡದಿಂದ ತುದಿತನಕ ಕೆಂಪು ಬಟ್ಟೆ ಸುತ್ತಿ, ಜರಿ ಅಂಚು ಹೊಲಿದು, ಅರಿಷಿಣ ಕುಂಕುಮ ಹಚ್ಚಿದ. ಯಲ್ಲವ್ವ ಎಲ್ಲದಕ್ಕೂ ಊದಿನಕಡ್ಡಿ ಹಚ್ಚಿದಳು. ಭಜಿಯ ವಾಸನೆಯೂ ಊದಿನಕಡ್ಡಿಯ ವಾಸನೆಯೂ ಕೂಡಿ ಜಾತ್ರೆಯ ಕಳೆ ಬಂತು.

ಇತ್ತ ಗೊಮ್ಮಟೇಶ ಝೆರಾಕ್ಸ್ ಅಂಗಡಿಯಲ್ಲಿ ಕರೆಂಟ್ ಬರಲಿ ಎಂದು ಎರಡು ತಾಸು ಕಾದು, ನಂತರ ಬಸ್‌ಸ್ಟ್ಯಾಂಡಿನ ಹತ್ತಿರ ಎಂಜಿನಿಯರನ್ನು ಹಿಡಿದ. ಎಂಜಿನಿಯರು ಸೋಮಶೇಖರ ಹುಕ್ಕೇರಿಯ ಹುಡುಗ. ನೌಕರಿಗೆ ಹೊಸಬ, ದೇವಭಕ್ತಿಯಲ್ಲಿ ಹಳಬ. ದಾರಿಯಲ್ಲಿ ಗುಡಿ ಕಂಡರೆ ಬೈಕಿನ ಹ್ಯಾಂಡಲ್ ಬಿಟ್ಟು ಎರಡೂ ಕೈ ಮುಗಿಯುತ್ತಿದ್ದ. ಗೋಕಾಕದಲ್ಲಿ ಗುಡಿಗಳಿಗೇನು ಬರ? ಹಿಂದೆ ಕೂತ ಗೊಮ್ಮಟೇಶ ಪ್ರತಿ ಗುಡಿಗೂ ಒಮ್ಮೆ ಜೀವದ ಆಸೆ ಬಿಟ್ಟ.

"ಕಟ್ಟಡ ಭಾಳ ಹಳೇದೇನ್ರಿ?" ಎಂದು ಸೋಮಶೇಖರ ಕೇಳಿದ.

"ನೀವ ನೋಡ್ರಿ ಸಾಹೇಬ್ರ. ನಾ ಬಾಯಿಲೆ ಹೇಳೂದು ಬ್ಯಾಡ. ಒಂದೊಂದ ಗೋಡಿನೂ ತಾನ ಮಾತಾಡತೈತಿ."

ಬೈಕ್ ನಿಂತಿತು. ಗೊಮ್ಮಟೇಶ ಇಳಿದು ತನ್ನ ಕಟ್ಟಡವನ್ನು ನೋಡಿದ. ಬೇರೆ ಯಾರದೋ ಬಾಗಿಲಿಗೆ ಬಂದೆನೇನೋ ಎಂದು ಬಾಜೂ ಕಟ್ಟಡ ನೋಡಿದ. ತಿರುಗಿ ತನ್ನದನ್ನು ನೋಡಿದ. ಅಷ್ಟರಲ್ಲಿ ಸೋಮಶೇಖರ ಬೂಟು ಬಿಚ್ಚಿ, ಕಾಲುಚೀಲ ಬಿಚ್ಚಿ, ಗಣಪತಿಗೆ ಕೈ ಮುಗಿದು ಹನುಮಪ್ಪನ ಕಡೆ ಸರಿದಿದ್ದ.

"ಉದ್ದಪ್ಪಕಾಕಾ, ಏನಿದು?" ಎಂದು ಗೊಮ್ಮಟೇಶ ಹಲ್ಲು ಕಚ್ಚಿ ಕೇಳಿದ.

"ದೇವರು," ಎಂದ ಉದ್ದಪ್ಪ.

ಸೋಮಶೇಖರನ ಚೀಲದಲ್ಲಿ ಗೋಡೆ ಬಡಿದು ನೋಡುವ ಸಣ್ಣ ಸುತ್ತಿಗೆ ಇತ್ತು. ಅದನ್ನು ತೆಗೆದ. ಎಲ್ಲಿ ಬಡಿಯಬೇಕು? ಅತ್ತ ನೋಡಿದರೆ ಲಕ್ಷ್ಮಿ, ಇತ್ತ ನೋಡಿದರೆ ಚಿಂಚಲಿ ಮಾಯಕ್ಕ. ಸುತ್ತಿಗೆ ಹಿಡಿದ ಕೈಯಿಂದಲೇ ಒಮ್ಮೆ ಕೆನ್ನೆ ಬಡಿದುಕೊಂಡ. ಕೊನೆಗೆ ಧೈರ್ಯ ಮಾಡಿ, "ಒಂದ ಪಟಾ ತಗದು ಹಿಂದಿನ ಗೋಡಿ ನೋಡಬಹುದೇನ್ರಿ?" ಎಂದು ಕೇಳಿದ.

"ಅಯ್ಯ, ತಗೀರಿ ಸಾಹೇಬ್ರ. ನಮ್ದೇನ ಅಡ್ಡಿ ಇಲ್ಲ," ಎಂದಳು ಯಲ್ಲವ್ವ. "ಹ್ವಾದ ವರ್ಷ ಒಬ್ಬಾಂವ ಬಂದು ತಗದಿದ್ದ. ಛಲೋ ಮನಷ್ಯಾ ಇದ್ದ ಪಾಪ."

"ಇದ್ದ ಅಂದ್ರ?"

"ಇದ್ದ," ಎಂದು ಯಲ್ಲವ್ವ ನಿಟ್ಟುಸಿರು ಬಿಟ್ಟು ಭಜಿ ತಿರುವಿದಳು.

ಸುತ್ತಿಗೆ ಚೀಲಕ್ಕೆ ಮರಳಿತು. ಮೇಲಿನ ಖೋಲಿಯಲ್ಲಿ ಟ್ರಂಕು ಕಾಯುತ್ತಿದೆ, ಇಲ್ಲಿ ಸಾಹೇಬ ಪ್ರದಕ್ಷಿಣೆ ಹಾಕುತ್ತಿದ್ದಾನೆ! ಗೊಮ್ಮಟೇಶನಿಗೆ ಹುಟ್ಟಿದಾಗಿನಿಂದ ಬಾರದ ಸಿಟ್ಟು ಅಂದು ಬಂತು.

"ಸಾಹೇಬ್ರ, ಇದೆಲ್ಲಾ ಖೊಟ್ಟಿ! ಮುಂಜಾನಿ ಏಳಕ್ಕ ನಾ ನೋಡಿದಾಗ ಇಲ್ಲಿ ಒಂದೂ ದೇವರ ಇದ್ದಿದ್ದಿಲ್ಲ. ನಮ್ಮಪ್ಪನ ಆಣಿ! ಬರೇ ಗೋಡಿ ಇತ್ತು. ಈಗ ನೋಡಿದ್ರ ನಲವತ್ತ ದೇವರು!"

ಇಷ್ಟನ್ನು ಅವನು ಕೂಗಿ ಹೇಳಿದ. ಎದುರಿನ ಕಟ್ಟೆಯ ಮೇಲೆ ಕುಲಗೋಡದ ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಕರದಂಟಿನ ಅಂಗಡಿಯ ಗಿರಾಕಿಗಳು ಪೊಟ್ಟಣ ಹಿಡಿದೇ ಹೊರಗೆ ಬಂದರು. ಗೊಮ್ಮಟೇಶ ಸುಳ್ಳು ಹೇಳುವವನಲ್ಲ ಎಂಬುದು ಇಡೀ ಪೇಟೆಗೆ ಗೊತ್ತಿದ್ದ ಸಂಗತಿ. ಅದೊಂದೇ ದುರ್ಗುಣ ಅವನಲ್ಲಿ ಇದ್ದದ್ದು.

"ಅಂದ್ರ," ಎಂದು ಸೋಮಶೇಖರ ಕೇಳಿದ, "ಮುಂಜಾನಿ ಇರಲಾರದ್ದು ಈಗ ಹ್ಯಾಂಗ ಬಂದಾವು? ತಾವಾಗೇ ಬಂದಾವೇನು?"

ಉದ್ದಪ್ಪ ಎದೆಯ ಮೇಲೆ ಕೈಯಿಟ್ಟು, "ಸಾವ್ಕಾರ್ರ ಆಣಿ ಮಾಡಿ ಹೇಳಾಕತ್ತಾರಲ್ರಿ," ಎಂದ.

"ಹೌದ್ರೆವ್ವಾ! ಜೈನರ ಗೊಮ್ಮಟೇಶಪ್ಪ ಆಣಿ ಮಾಡ್ಯಾನ!" ಎಂದು ಕಟ್ಟೆಯ ಮೇಲಿನ ಒಬ್ಬಳು ಕೂಗಿದಳು. ಅಷ್ಟೇ. ಕುಲಗೋಡದ ಬಸ್ಸು ಬಂತು, ಹಾರ್ನ್ ಹೊಡೆಯಿತು, ಖಾಲಿ ಹೋಯಿತು. ಹೆಂಗಸರೆಲ್ಲ ಈ ಕಡೆ ದಾಟಿ ಬಂದು ಕಂಬಕ್ಕೆ ಕುಂಕುಮ ಹಚ್ಚತೊಡಗಿದರು. ಯಾರೋ ಕಾಯಿ ಒಡೆದರು. ಒಡೆದದ್ದು ಕಂಬಕ್ಕೇ, ಕಂಬ ಇನ್ನೂ ಒಂದು ಬೆರಳು ವಾಲಿತು.

"ಸಿದ್ರಾಯಾ, ನೀನರ ಖರೆ ಹೇಳೋ! ಇವು ನಿನ್ನ ಅಂಗಡ್ಯಾನ ಫೋಟೋ ಹೌದಲ್ಲೊ?" ಎಂದು ಗೊಮ್ಮಟೇಶ ಗೋಗರೆದ.

ಸಿದ್ರಾಯ ಮಂದಿಯನ್ನು ನೋಡಿದ, ಕಾಲ ಹೆಬ್ಬೆರಳಿನಿಂದ ನೆಲ ಕೆದರಿದ. "ನಾ ಬರೇ ಕಟ್ಟ ಹಾಕಾಂವ್ರಿ ಸಾವ್ಕಾರ್ರ. ದೇವರನ್ನ ತರಾಂವ ನಾ ಯಾರು?" ಎಂದ.

ಗೊಮ್ಮಟೇಶ ಸೋಮಶೇಖರನ ರಟ್ಟೆ ಹಿಡಿದು ಬದಿಗೆ ಎಳೆದ. ಅವನ ಕಣ್ಣಲ್ಲಿ ನೀರಿತ್ತು. "ಸಾಹೇಬ್ರ, ನನ್ನ ಸಂಸಾರದ ಪ್ರಶ್ನೆ ಐತ್ರಿ. ಎಲ್ಲಮ್ಮನ ಹಿಂದ ಇಷ್ಟ ದೊಡ್ಡ ಬಿರಕ ಐತಿ."

"ನನಗೂ ಕಣ್ಣ ಅದಾವ್ರಿ," ಎಂದು ಸೋಮಶೇಖರ ಪಿಸುಗುಟ್ಟಿದ. "ಗಣಪತಿ ಗೋಡಿ ಬಿಟ್ಟ ಒಂದ ಫೂಟ ಮುಂದ ಬಂದಾನ, ಅಷ್ಟೂ ತಿಳ್ಯಾಂಗಿಲ್ಲೇನು? ಆದ್ರ ಈ ಮಂದಿಯೊಳಗ ಪಟಾ ಕಿತ್ತು ಸುತ್ತಿಗಿ ಹೊಡದ್ರ ನಾ ಹುಕ್ಕೇರಿ ಮುಟ್ಟತೇನೇನು? ಬ್ಯಾರೆ ಏನರ ಪುರಾವೆ ತೋರಸ್ರಿ. ಗೋಡಿ ಮುಟ್ಟಲಾರದಂಥಾದ್ದು."

ಮುಳುಗುವವನಿಗೆ ಹಲಗೆ ಸಿಕ್ಕಂತಾಯಿತು. ಗೋಡೆ ಮುಚ್ಚಿದ್ದಾರೆ, ಚಾವಣಿ ಮುಚ್ಚಿಲ್ಲವಲ್ಲ! ಮೇಲೆ ಖೋಲಿಯಲ್ಲಿ ನಿನ್ನೆಯ ಮಳೆಗೆ ಸೋರಿದ ನೀರು ಎರಡು ಬಕೆಟ್ ತುಂಬ ನಿಂತಿತ್ತು. ಹಲಗೆಯ ನೆಲದ ಮೇಲೆ ಸುರಿದರೆ ಅದು ಎಲ್ಲೆಲ್ಲಿ ಕೆಳಗಿಳಿಯುತ್ತದೆ ಎಂದು ಸಾಹೇಬ ಕಣ್ಣಾರೆ ಕಾಣಬಹುದು. ಅವನು ಮೆಟ್ಟಿಲ ಬುಡಕ್ಕೆ ಓಡಿ ಮೇಲೆ ನೋಡಿ ಕೂಗಿದ:

"ಭಕ್ತೀ! ಬಕೆಟ್‌ನ್ಯಾಗಿನ ನೀರ ಎಲ್ಲಾ ನೆಲಕ್ಕ ಸುರವಿಬಿಡು!"

ಗಂಡ ಹೇಳಿದ್ದನ್ನು ಹದಿನೆಂಟು ವರ್ಷದಲ್ಲಿ ಭಕ್ತಿ ಒಮ್ಮೆಯೂ ತಡಮಾಡದೆ ಕೇಳಿದ್ದಿಲ್ಲ. ಅಂದು ಕೇಳಿದಳು. ಬೆಳಗಿನಿಂದ ಕುದಿಯುತ್ತಿದ್ದ ಸಿಟ್ಟನ್ನೆಲ್ಲ ಸೇರಿಸಿ ಎರಡೂ ಬಕೆಟ್ ಸುರುವಿದಳು.

ನೀರು ಹಲಗೆಯ ಸಂದಿ ಹುಡುಕಿತು, ತೊಲೆಯ ಗುಂಟ ಹರಿಯಿತು. ಬೇರೆಲ್ಲೂ ಬೀಳದೆ, ದೊಡ್ಡ ಬಿರುಕಿರುವ ಕಡೆಗೇ ಬಂದು, ಎಲ್ಲಮ್ಮನ ನೆತ್ತಿಯ ಮೇಲೆ ಸಣ್ಣ ಧಾರೆಯಾಗಿ ಇಳಿಯಿತು.

"ನೋಡ್ರಿ ಸಾಹೇಬ್ರ! ನೀರು! ಸೋರತೈತಿ! ನೋಡ್ರಿ!" ಎಂದು ಗೊಮ್ಮಟೇಶ ಕುಣಿದ.

ಮಂದಿಯೂ ನೋಡಿದರು. "ಉಧೋ ಉಧೋ!" ಎಂದು ಎಲ್ಲಮ್ಮನ ಜೈಕಾರ ಎದ್ದಿತು. ಹೆಂಗಸರು ಸೆರಗೊಡ್ಡಿದರು, ಗಂಡಸರು ಬೊಗಸೆಯೊಡ್ಡಿದರು. ಯಲ್ಲವ್ವ ಭಜಿಯ ಹಿಟ್ಟಿನ ಪಾತ್ರೆ ತೊಳೆದು ಧಾರೆಯ ಕೆಳಗೆ ಹಿಡಿದು ತೀರ್ಥ ಹಂಚಿದಳು. ಮುಂಜಾನೆ ತಾನೇ ಮೊಳೆ ಹೊಡೆದದ್ದನ್ನು ಪೂರಾ ಮರೆತ ಉದ್ದಪ್ಪ ಉದ್ದಕ್ಕೆ ಅಡ್ಡಬಿದ್ದ. ಸೋಮಶೇಖರನೂ ಒಂದು ಗುಟುಕು ಕುಡಿದ. ಮಣ್ಣಿನ ರುಚಿ ಇತ್ತು, ಆದರೂ ಕಣ್ಣಿಗೆ ಒತ್ತಿಕೊಂಡ.

ಆಮೇಲೆ ಅವನು ಯಲ್ಲವ್ವ ಕೊಟ್ಟ ಸ್ಟೂಲಿನ ಮೇಲೆ ಕೂತು ಫಾರ್ಮ್ ತುಂಬತೊಡಗಿದ. ಗೊಮ್ಮಟೇಶ ಬಗ್ಗಿ ನೋಡಿದ. ಕಟ್ಟಡದ ಉಪಯೋಗ ಎಂಬುದರ ಮುಂದೆ ಸೋಮಶೇಖರ 'ಧಾರ್ಮಿಕ' ಎಂದು ದುಂಡಗೆ ಬರೆದಿದ್ದ.

"ಹಿಂಗ್ಯಾಕ ಬರದ್ರಿ ಸಾಹೇಬ್ರ? ಅಂಗಡಿ ಮತ್ತ ಮನಿ ಅಂತ ಬರೀರಿ!"

"ಮನಿ ಅಂತ ಬರದ್ರ ಈ ಮಂದಿ ನನ್ನ ಬಿಡ್ತಾರೇನ್ರಿ? ಇಲ್ಲಿ ಸುತ್ತಲೂ ನೋಡ್ರಿ. ಆದ್ರ ನೀವೇನ ಕಾಳಜಿ ಮಾಡಬ್ಯಾಡ್ರಿ. ದೇವಸ್ಥಾನದ ದುರಸ್ತಿಗೂ ನೆರವು ಐತಿ. ಮನಿಗಿಂತ ಲಗೂನ ಆಗತೈತಿ. ಭಕ್ತರ ಕಮಿಟಿ ಒಂದ ಇದ್ರ ಸಾಕು."

ದುರಸ್ತಿ ಆಗುತ್ತದೆ! ಗೊಮ್ಮಟೇಶನ ಮುಖ ಅರಳಿತು. ದೇವರ ಹೆಸರಿನಲ್ಲಾದರೂ ಆಗಲಿ, ಭಕ್ತಿ ಉಳಿದರೆ ಸಾಕಲ್ಲ. ಕಮಿಟಿಯೂ ಎರಡು ನಿಮಿಷದಲ್ಲಿ ಆಯಿತು. ಉದ್ದಪ್ಪ ಅಧ್ಯಕ್ಷ, ಸಿದ್ರಾಯ ಕಾರ್ಯದರ್ಶಿ, ಪ್ರಸಾದದ ಜವಾಬ್ದಾರಿ ಯಲ್ಲವ್ವನದು. ದೇವಸ್ಥಾನದ ಕಮಿಟಿಯವರನ್ನು ಯಾವ ಮಾಲಕನೂ ಎಬ್ಬಿಸಲಾರ ಎಂಬುದು ಹೊಳೆದು ಮೂವರ ಮುಖವೂ ಅರಳಿತ್ತು. ಹೀಗೆ ಅಂದು ಮಧ್ಯಾಹ್ನ ಎರಡು ಗಂಟೆಗೆ ಆ ಕಟ್ಟಡದಲ್ಲಿ ಎಲ್ಲರೂ ಸುಖವಾಗಿದ್ದರು.

ಸೋಮಶೇಖರ ಫಾರ್ಮಿನ ಕೊನೆಯ ಸಾಲಿಗೆ ಬಂದ. "ಮ್ಯಾಲಿನ ಅಂತಸ್ತಿನ್ಯಾಗ ಏನೈತ್ರಿ?"

"ಅಲ್ಲೇ ನಾನೂ ನನ್ನ ಹೆಣ್ತಿನೂ ಇರ್ತೇವ್ರಿ!" ಎಂದ ಗೊಮ್ಮಟೇಶ ಉತ್ಸಾಹದಿಂದ. "ಅಡಗಿ, ಊಟ, ಮಲಗೂದು, ಜಳಕಾ ಎಲ್ಲಾ ಅಲ್ಲೇ. ಮೊದಲ ಅದ ಮಾಳಿಗಿ ರಿಪೇರಿ ಆಗಬೇಕ್ರಿ."

ತೀರ್ಥ ಕುಡಿಯುತ್ತಿದ್ದವರು ಬೊಗಸೆ ಬಾಯಿಗಿಟ್ಟಲ್ಲೇ ನಿಂತರು. ಎಲ್ಲರೂ ಮೊದಲು ಎಲ್ಲಮ್ಮನ ಫೋಟೋ ನೋಡಿದರು, ಆಮೇಲೆ ಚಾವಣಿ ನೋಡಿದರು, ಆಮೇಲೆ ಗೊಮ್ಮಟೇಶನನ್ನು ನೋಡಿದರು.

"ದೇವಿ ತಲಿ ಮ್ಯಾಲ?" ಎಂದಳು ಕುಲಗೋಡದವಳು.

"ಜಳಕಾನೂ?" ಎಂದಳು ಇನ್ನೊಬ್ಬಳು.

"ಸಾವ್ಕಾರ್ರ," ಎಂದ ಉದ್ದಪ್ಪ. ಅವನ ದನಿಗೆ ಆಗಲೇ ಅಧ್ಯಕ್ಷರ ಗತ್ತು ಬಂದಿತ್ತು. "ನಿನ್ನಿ ತನಕಾ ಗೊತ್ತಿದ್ದಿಲ್ಲ, ನಡೀತು. ಈಗ ದೇವರು ತಾನಾಗೇ ಬಂದು ನಿಂತಾನ. ದೇವರ ತಲಿ ಮ್ಯಾಲ ಗಂಡಾ ಹೆಣ್ತಿ ಸಂಸಾರ ಮಾಡಬಾರ್ದು. ನಾಳೆ ಊರಿಗೆ ಏನರ ಕೆಟ್ಟ ಆದ್ರ ಯಾರ ಹೊಣಿ?"

"ಉದ್ದಪ್ಪಕಾಕಾ, ಮನಿ ನಂದು!"

"ನಿಮ್ದ, ಯಾರ ಇಲ್ಲಂದ್ರು? ಮ್ಯಾಲ ಇರಬ್ಯಾಡ್ರಿ ಅಷ್ಟ. ಇವತ್ತ ಖಾಲಿ ಮಾಡಿಬಿಡ್ರಿ. ಗೌಂಡಿಗೂ ಅಡಚಣಿ ಆಗೂದಿಲ್ಲ."

ಗೊಮ್ಮಟೇಶ ಸಾಹೇಬನ ಕಡೆ ತಿರುಗಿದ. ಸಾಹೇಬ ಬೂಟಿನ ದಾರ ಕಟ್ಟುವುದರಲ್ಲಿ ಮುಳುಗಿದ್ದ. ಯಲ್ಲವ್ವನ ಕಡೆ ತಿರುಗಿದ. ಅವಳು ನಿಜಕ್ಕೂ ಮರುಗಿ ಒಂದು ಪ್ಲೇಟ್ ಭಜಿ ತಂದು ಅವನ ಕೈಗಿಟ್ಟು, "ಪ್ರಸಾದ ತಿಳ್ಕೊಂಡ ತಿನ್ರಿ," ಎಂದಳು. ಅವನಿಗೆ ಅಳಬೇಕೋ ಭಜಿ ತಿನ್ನಬೇಕೋ ತಿಳಿಯಲಿಲ್ಲ. ಸುಟ್ಟ ಹೊಟ್ಟೆಗೆ ಒಂದು ತಿಂದ.

"ಮತ್ತ ನಾವ ಎಲ್ಲಿಗೆ ಹೋಗೂಣು?"

ಕಮಿಟಿ ಅಲ್ಲೇ ಒಂದು ಕಡೆ ಸರಿದು ಪಿಸುಪಿಸು ಮಾತಾಡಿತು. ಉದ್ದಪ್ಪ ಹೆಗಲ ಮೇಲಿನ ಟೇಪು ಸರಿಪಡಿಸಿಕೊಂಡು ಬಂದ.

"ಹಿಂದಿನ ಖೋಲಿ ಐತೆಲ್ರಿ, ನಾ ಬಟ್ಟಿ ಚೂರು ಚೆಲ್ಲಾಕ ಇಟಗೊಂಡದ್ದು. ಅದನ್ನ ನಿಮಗ ಬಾಡಿಗಿಗೆ ಕೊಡ್ತೇವಿ. ಅದರ ತಳಗ ದೇವರಿಲ್ಲ. ಗೋಡಿ ಒಂದೀಟ ಹೊರಗ ಬಾಗೈತಿ, ಮಳಿ ಬಂದ್ರ ಮೂರ ಕಡೆ ಸೋರತೈತಿ. ಆದ್ರ ಮೊದಲ ಹೇಳಿಬಿಡ್ತೇನಿ, ಇರಾಕ ಬಂದ ಮ್ಯಾಲ ರಿಪೇರಿ ಮಾಡಸ್ರಿ ಅಂತ ದಿನಾ ಬಂದು ಕಮಿಟಿನ ಕಾಡಬಾರ್ದು."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಧಡ್ ಧಡ್ ಎಂದು ಸಪ್ಪಳವಾಯಿತು. ಭಕ್ತಿ ಟ್ರಂಕನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತಾ ಬಂದು, ನಲವತ್ತು ದೇವರನ್ನೂ ಗಂಡನನ್ನೂ ಒಂದೇ ಸಲ ನೋಡಿ, "ಯಮಕನಮರಡಿ ಬಸ್ ಎಷ್ಟಕ್ಕೈತ್ರಿ?" ಎಂದು ಸಿದ್ರಾಯನನ್ನು ಕೇಳಿದಳು.

"ಮೂರಕ್ಕ ಐತ್ರಿ ವೈನಿ," ಎಂದ ಸಿದ್ರಾಯ ನಮ್ರವಾಗಿ.

ಅವಳು ಹೊರಟಳು. ಗೊಮ್ಮಟೇಶ ಭಜಿಯ ಪ್ಲೇಟು ಹಿಡಿದು ನಾಲ್ಕು ಹೆಜ್ಜೆ ಅವಳ ಹಿಂದೆ ಓಡಿ, ಮತ್ತೆ ನಿಂತು, ಉದ್ದಪ್ಪನತ್ತ ತಿರುಗಿ ಗಂಟಲು ಹರಿಯುವಂತೆ ಒದರಿದ: "ಈ ಕಟ್ಟಡಕ್ಕ ಮಾಲಕ ಯಾರೋ ಕಾಕಾ? ನಾನೋ ನೀನೋ?"

ಉದ್ದಪ್ಪನಿಗೆ ಸಿಟ್ಟು ಬರಲಿಲ್ಲ. ಅವನು ಕಣ್ಣು ಮುಚ್ಚಿ, ಕೈ ಮುಗಿದು, ಬಹಳ ಶಾಂತವಾಗಿ ಹೇಳಿದ:

"ಮಾಲಕ ಮ್ಯಾಲಿನಾಂವ ಒಬ್ಬನ ಸಾವ್ಕಾರ್ರ. ನಾವು ನೀವು ಎಲ್ಲಾ ಬಾಡಿಗಿದಾರ್ರು."

ಹೇಳಿ, ಹಿಂದಿನ ಖೋಲಿಯ ಬೀಗದ ಕೈಯನ್ನು ಭಜಿಯ ಪ್ಲೇಟಿನಲ್ಲಿ ಇಟ್ಟು, ಆರತಿಗೆ ಹೊತ್ತಾಯಿತೆಂದು ಒಳಗೆ ಹೋದ.